ಸರ್ವರ್ ಪ್ರೊಸೆಸರ್: ಕೂರಿಸಲು ಕೆಲವು ನಿಮಿಷ, ಕಾಪಾಡಲು ಹಲವು ವರ್ಷ

ಹೊರನಾಡಿನ ಕನ್ನಡ ಸಂಘಗಳ ಕಚೇರಿಯಲ್ಲಿ ಒಂದು ಕಾಲಕ್ಕೆ ಕೆಂಪು ರಟ್ಟಿನ ಲೆಡ್ಜರೇ ಸರ್ವಸ್ವವಾಗಿತ್ತು. ಸದಸ್ಯರ ವಂತಿಗೆ, ಪತ್ತಿನ ಸೊಸೈಟಿಯ ಪಿಗ್ಮಿ ಠೇವಣಿ, ಸಾಲದ ಕಂತು, ಸಂಘದ ಶಾಲೆಯ ಮಕ್ಕಳ ಶುಲ್ಕ ಎಲ್ಲವೂ ಅದರಲ್ಲೇ ದಾಖಲಾಗುತ್ತಿದ್ದವು. ಇಂದು ಆ ಲೆಡ್ಜರಿನ ಜಾಗಕ್ಕೆ ಸರ್ವರ್ ಕಂಪ್ಯೂಟರ್ ಬಂದಿದೆ. ಕೆಲವು ಸಂಸ್ಥೆಗಳು ತಮ್ಮ ಲೆಕ್ಕಪತ್ರವನ್ನು ಇಂಟರ್‌ನೆಟ್ ಮೂಲಕ ಹೊರಗಿನ ಕಂಪೆನಿಗಳ ಸರ್ವರ್‌ಗಳಿಗೆ ಒಪ್ಪಿಸಿವೆಯಾದರೂ, ಕಚೇರಿಯ ಒಂದು ಮೂಲೆಯಲ್ಲಿ ಸ್ವಂತ ಸರ್ವರ್ ಇಟ್ಟುಕೊಂಡಿರುವವರೂ ಇದ್ದಾರೆ.

ಮೇಜಿನ ಮೇಲಿನ ಕಂಪ್ಯೂಟರ್ ಕೆಟ್ಟರೆ ಒಬ್ಬರ ಕೆಲಸ ನಿಲ್ಲುತ್ತದೆ. ಸರ್ವರ್ ಕೆಟ್ಟರೆ ಇಡೀ ಕಚೇರಿಯೇ ನಿಲ್ಲುತ್ತದೆ. ಮಾರ್ಚ್ 31ರ ವರ್ಷಾಂತ್ಯದ ಲೆಕ್ಕ ಮುಗಿಸುವ ಹೊತ್ತಿಗೆ ಹಾಗಾದರೆ ಕೋಶಾಧಿಕಾರಿಯವರ ಪಾಡು ಹೇಳತೀರದು. ಅದರೊಳಗೆ ಇರುವುದು ಹೊಟೇಲು, ಕ್ಯಾಂಟೀನುಗಳಲ್ಲಿ ದುಡಿದವರು ದಿನದಿನವೂ ಕಟ್ಟಿದ ಹಣದ ಲೆಕ್ಕ. ಆದುದರಿಂದ ಸರ್ವರ್‌ನ ಮೆದುಳು ಎನಿಸಿದ ಪ್ರೊಸೆಸರನ್ನು ಕೂರಿಸುವ, ನೋಡಿಕೊಳ್ಳುವ ಕ್ರಮವನ್ನು ಸಂಘದ ಪದಾಧಿಕಾರಿಗಳೂ ಸ್ಥೂಲವಾಗಿ ಅರಿತಿರುವುದು ಒಳಿತು. ಸ್ವತಃ ಸ್ಕ್ರೂಡ್ರೈವರ್ ಹಿಡಿಯಬೇಕೆಂದೇನಿಲ್ಲ. ಬಂದ ಟೆಕ್ನಿಶಿಯನ್ ಕೆಲಸವನ್ನು ಸರಿಯಾಗಿ ಮಾಡುತ್ತಿರುವನೇ ಎಂದು ನೋಡುವಷ್ಟು ತಿಳಿವಳಿಕೆ ಇದ್ದರೆ ಸಾಕು.

ಬೆಂಗಳೂರಿನಲ್ಲಿ ರೂಪುಗೊಂಡ ಜಿಯಾನ್

ಪ್ರೊಸೆಸರ್ ಎಂದರೆ ಅಂಗೈಯಲ್ಲಿ ಹಿಡಿಯಬಹುದಾದ ಚಪ್ಪಟೆಯ ಬಿಲ್ಲೆ. ಲೆಕ್ಕ ಮಾಡುವುದು ಅದರ ಕೆಲಸ. ಲೆಕ್ಕ ಉಳಿಯುವುದು ಹಾರ್ಡ್‌ಡಿಸ್ಕಿನಲ್ಲಿ. ಹಾಗಾಗಿ ಪ್ರೊಸೆಸರ್ ಬದಲಿಸಿದ ಮಾತ್ರಕ್ಕೆ ಸದಸ್ಯರ ಖಾತೆಗಳು ಅಳಿಸಿಹೋಗುವುದಿಲ್ಲ. ಆದರೆ ನಮೂದು ನಡೆಯುತ್ತಿರುವಾಗಲೇ ಅದು ಏಕಾಏಕಿ ನಿಂತರೆ ಅರ್ಧ ಬರೆದ ಲೆಕ್ಕ ಕೆಡುವ ಸಂಭವವಿದೆ. ಪ್ರೊಸೆಸರಿನೊಳಗಿನ ‘ಕೋರ್’ಗಳನ್ನು ಬ್ಯಾಂಕಿನ ಕೌಂಟರುಗಳಿಗೆ ಹೋಲಿಸಬಹುದು. ಕೌಂಟರು ಹೆಚ್ಚಿದಂತೆ ಗಿರಾಕಿಗಳ ಸಾಲು ಬೇಗ ಕರಗುತ್ತದೆ.

ಇಂಟೆಲ್ ಕಂಪೆನಿಯು ‘ಜಿಯಾನ್’ ಎಂಬ ಹೆಸರಿನಲ್ಲಿ ಸರ್ವರ್ ಪ್ರೊಸೆಸರ್‌ಗಳನ್ನು ಮಾರಲು ಆರಂಭಿಸಿದ್ದು 1998ರಲ್ಲಿ. 2008ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆಗೊಂಡ, ಆರು ಕೋರ್‌ಗಳ ಜಿಯಾನ್ 7400 ಸರಣಿಯು ವಿನ್ಯಾಸಗೊಂಡದ್ದು ಬೆಂಗಳೂರಿನ ಇಂಟೆಲ್ ಕೇಂದ್ರದಲ್ಲಿ ಎಂಬುದು ಕನ್ನಡಿಗರೆಲ್ಲ ಅಭಿಮಾನಪಡುವ ಸಂಗತಿ. ಸುಮಾರು 190 ಕೋಟಿ ಟ್ರಾನ್ಸಿಸ್ಟರುಗಳು ಆ ಪುಟ್ಟ ಬಿಲ್ಲೆಯಲ್ಲಿ ಅಡಕವಾಗಿದ್ದವು.

ಆ ಸರಣಿಯ ಪ್ರೊಸೆಸರಿನ ಅಡಿಯಲ್ಲಿ ಸೂಜಿಯಂಥ ಪಿನ್ನುಗಳಿದ್ದವು. ಈಗಿನ ಸರ್ವರ್‌ಗಳಲ್ಲಿ ಪ್ರೊಸೆಸರಿನ ಅಡಿ ನುಣುಪಾಗಿದ್ದು, ಪಿನ್ನುಗಳು ಅದು ಕೂರುವ ಸಾಕೆಟ್ಟಿನಲ್ಲಿರುತ್ತವೆ. ಇಂಟೆಲ್ 2017ರಲ್ಲಿ ತಂದ ಜಿಯಾನ್ ಪ್ರೊಸೆಸರಿನ ಸಾಕೆಟ್ಟಿನಲ್ಲಿ 3,647 ಹಾಗೂ ಅದೇ ವರ್ಷ ಬಂದ ಎಎಂಡಿಯ ಎಪಿಕ್ ಪ್ರೊಸೆಸರಿನ ಸಾಕೆಟ್ಟಿನಲ್ಲಿ 4,094 ಪಿನ್ನುಗಳಿವೆ. ಇವುಗಳಲ್ಲಿ ಒಂದು ಬಾಗಿದರೂ ಸರ್ವರ್ ಚಾಲೂ ಆಗದೆ ಹೋಗಬಹುದು, ಇಲ್ಲವೇ ಮೆಮೊರಿಯ ಒಂದು ಭಾಗ ಕಾಣೆಯಾಗಬಹುದು. ಬಾಗಿದ ಪಿನ್ನಿಗೆ ಸಾಮಾನ್ಯವಾಗಿ ವಾರಂಟಿಯೂ ಸಿಗುವುದಿಲ್ಲ.

ಖರೀದಿಯಲ್ಲಿ ಎಚ್ಚರ

ಮುಂಬಯಿಯ ಲ್ಯಾಮಿಂಗ್ಟನ್ ರೋಡ್, ಚೆನ್ನೈನ ರಿಚ್ಚಿ ಸ್ಟ್ರೀಟ್, ದಿಲ್ಲಿಯ ನೆಹರೂ ಪ್ಲೇಸ್‌ನಂಥ ಪೇಟೆಗಳಲ್ಲಿ ಹಳೆಯ ಸರ್ವರ್ ಬಿಡಿಭಾಗಗಳಿಗೂ ವ್ಯಾಪಾರವಿದೆ. ಅಗ್ಗವೆಂದು ಕೊಳ್ಳುವ ಮುನ್ನ ಮೂರು ವಿಷಯಗಳನ್ನು ಖಚಿತಪಡಿಸಿಕೊಳ್ಳಬೇಕು. ಒಂದು, ಸರ್ವರ್ ತಯಾರಕರು ಪ್ರಕಟಿಸಿರುವ ಪಟ್ಟಿಯಲ್ಲಿ ಆ ಪ್ರೊಸೆಸರಿನ ಹೆಸರು ಇರಬೇಕು. ಸಾಕೆಟ್ಟಿಗೆ ಹೊಂದಿದ ಮಾತ್ರಕ್ಕೆ ಬೋರ್ಡಿಗೆ ಹೊಂದುತ್ತದೆಂದು ಹೇಳಲಾಗದು. ಎರಡು, ಪರೀಕ್ಷೆಗೆಂದು ತಯಾರಾದ ‘ಎಂಜಿನಿಯರಿಂಗ್ ಸ್ಯಾಂಪಲ್’ ಆಗಿರಬಾರದು. ಅದಕ್ಕೆ ವಾರಂಟಿ ಇರುವುದಿಲ್ಲ. ಮೂರು, ಕೆಲವು ತಯಾರಕರ ಸರ್ವರ್‌ನಲ್ಲಿ ಒಮ್ಮೆ ಬಳಸಿದ ಎಪಿಕ್ ಪ್ರೊಸೆಸರ್, ಭದ್ರತೆಯ ಬೀಗದಿಂದಾಗಿ ಬೇರೆ ತಯಾರಕರ ಬೋರ್ಡಿನಲ್ಲಿ ಕೆಲಸ ಮಾಡದು. ಹಿಂತಿರುಗಿಸುವ ಷರತ್ತನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳುವುದು ಕ್ಷೇಮ.

ಕೂರಿಸುವ ಕ್ರಮ

ಕೆಲಸಕ್ಕೆ ಕೈ ಹಚ್ಚುವ ಮೊದಲು ಬ್ಯಾಕಪ್ ತೆಗೆದು, ಅದು ಮತ್ತೊಂದು ಕಂಪ್ಯೂಟರಿನಲ್ಲಿ ತೆರೆಯುವುದನ್ನು ಕಣ್ಣಾರೆ ನೋಡಬೇಕು. ಹೊಸ ಪ್ರೊಸೆಸರಿಗೆ ಹೊಸ ಬಯೋಸ್ ಬೇಕಿದ್ದರೆ, ಹಳೆಯ ಪ್ರೊಸೆಸರ್ ಇರುವಾಗಲೇ ಅದನ್ನು ನವೀಕರಿಸಿಕೊಳ್ಳಬೇಕು. ಬಳಿಕ ಸರ್ವರನ್ನು ಕ್ರಮಬದ್ಧವಾಗಿ ಬಂದ್ ಮಾಡಿ ಕೇಬಲ್ ಕೀಳಬೇಕು. ಸರ್ವರ್‌ಗಳಿಗೆ ಸಾಮಾನ್ಯವಾಗಿ ಎರಡು ಪವರ್ ಕೇಬಲ್‌ಗಳಿರುತ್ತವೆ ಎಂಬುದನ್ನು ಮರೆಯಬಾರದು. ಎರಡನ್ನೂ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿದರೆ ಉಳಿದ ವಿದ್ಯುತ್ತೂ ಖಾಲಿಯಾಗುತ್ತದೆ.

ಟೆಕ್ನಿಶಿಯನ್ ಮಣಿಕಟ್ಟಿಗೆ ಅರ್ಥಿಂಗ್ ಪಟ್ಟಿ ಕಟ್ಟಿಕೊಂಡಿರಬೇಕು. ಎ.ಸಿ. ಕೋಣೆಯ ಒಣ ಗಾಳಿಯಲ್ಲಿ, ನೈಲಾನ್ ಕಾರ್ಪೆಟ್ಟಿನ ಮೇಲೆ ನಡೆದಾಡಿದ ಮೈಯಲ್ಲಿ ಉಂಟಾಗುವ ಸ್ಥಿರ ವಿದ್ಯುತ್ತು ಕೈಗೆ ಗೊತ್ತಾಗದಿದ್ದರೂ ಚಿಪ್ಪಿಗೆ ಮಾರಕವಾಗಬಲ್ಲದು. ಮೇಲಿನ ಹೀಟ್‌ಸಿಂಕ್ ಆರಿದ ನಂತರ ಅದರ ಸ್ಕ್ರೂಗಳನ್ನು ಸ್ವಲ್ಪಸ್ವಲ್ಪವಾಗಿ, ಸೂಚಿಸಿದ ಕ್ರಮದಲ್ಲೇ ಸಡಿಲಿಸಬೇಕು. ಹಳೆಯ ಪೇಸ್ಟನ್ನು ನೂಲು ಬಿಡದ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿ ಒರೆಸಬೇಕು.

ಹೊಸ ಪ್ರೊಸೆಸರನ್ನು ಅಂಚಿನಲ್ಲಷ್ಟೇ ಹಿಡಿಯತಕ್ಕದ್ದು. ಅದರ ಮೂಲೆಯ ತ್ರಿಕೋನ ಗುರುತು ಸಾಕೆಟ್ಟಿನ ಗುರುತಿಗೆ ಸರಿಹೊಂದಬೇಕು. ಹೊಂದಿದರೆ ಅದು ತನ್ನ ಭಾರಕ್ಕೆ ತಾನೇ ಕೂರುತ್ತದೆ. ಬೆರಳಿನಿಂದ ಒತ್ತುವ ಪ್ರಮೇಯವೇ ಬರಬಾರದು. ಸ್ಕ್ರೂ ಬಿಗಿಸುವುದರಲ್ಲಿಯೂ ಕ್ರಮವಿದೆ. ಮೊದಲ ಎಪಿಕ್‌ನ ಸಾಕೆಟ್ ಚೌಕಟ್ಟಿನಲ್ಲಿ ಮೂರು ಸ್ಕ್ರೂಗಳಿದ್ದು, ಬಿಗಿಸುವಾಗ 1, 2, 3 ಎಂದೂ, ಬಿಚ್ಚುವಾಗ 3, 2, 1 ಎಂದೂ ಅನುಸರಿಸಬೇಕು. ಬಲವೆಷ್ಟು ಎಂಬುದನ್ನು ಕೈಯ ಅಂದಾಜಿಗೆ ಬಿಡದೆ ಟಾರ್ಕ್ ಸ್ಕ್ರೂಡ್ರೈವರಿನಿಂದ ತಯಾರಕರು ಹೇಳಿದ ಅಳತೆಗೆ ನಿಲ್ಲಿಸಬೇಕು. ಒಂದು ಬದಿ ಹೆಚ್ಚು ಬಿಗಿಯಾದರೆ ಇನ್ನೊಂದು ಬದಿಯ ಪಿನ್ನುಗಳು ಸರಿಯಾಗಿ ತಾಗುವುದಿಲ್ಲ.

ಪ್ರೊಸೆಸರಿನ ಬಿಸಿಯನ್ನು ಹೀಟ್‌ಸಿಂಕ್‌ಗೆ ದಾಟಿಸುವುದು ನಡುವಿನ ಥರ್ಮಲ್ ಪೇಸ್ಟ್. ಹೊಸ ಹೀಟ್‌ಸಿಂಕಿನಲ್ಲಿ ಕೆಲವೊಮ್ಮೆ ಅದು ಮೊದಲೇ ಲೇಪಿತವಾಗಿರುತ್ತದೆ. ಆಗ ಮತ್ತೆ ಹಚ್ಚಬಾರದು. ಎರಡು ಪ್ರೊಸೆಸರ್‌ಗಳ ಸರ್ವರ್ ಆದರೆ ಎರಡೂ ಒಂದೇ ಮಾದರಿಯವಾಗಿರಬೇಕು. ಒಂದೇ ಇದ್ದರೆ ಮೊದಲನೆಯ ಸಾಕೆಟ್ಟಿನಲ್ಲೇ ಕೂರಿಸಿ, ಖಾಲಿ ಸಾಕೆಟ್ಟಿಗೆ ಪ್ಲಾಸ್ಟಿಕ್ ಮುಚ್ಚಳ ಹಾಕಬೇಕು.

ಮೊದಲ ಸಲ ಚಾಲೂ ಮಾಡಿದಾಗ ಮೆಮೊರಿಯನ್ನು ಪರೀಕ್ಷಿಸಿಕೊಳ್ಳಲು ಸರ್ವರ್ ಹಲವು ನಿಮಿಷ ತೆಗೆದುಕೊಳ್ಳುವುದುಂಟು. ಪರದೆ ಕಪ್ಪಗಿದೆಯೆಂದು ಗಾಬರಿಯಿಂದ ವಿದ್ಯುತ್ ಕಡಿಯುವುದು ತರವಲ್ಲ. ತೆರೆದ ಬಳಿಕ ಕೋರ್‌ಗಳ ಸಂಖ್ಯೆ, ಮೆಮೊರಿಯ ಮೊತ್ತ, ಉಷ್ಣತೆ ಈ ಮೂರನ್ನೂ ಬರೆದಿಟ್ಟುಕೊಳ್ಳಬೇಕು. ಮುಂದಿನ ಎಲ್ಲ ತಪಾಸಣೆಗೂ ಇದುವೇ ಆರಂಭಿಕ ಶಿಲ್ಕು.

ಧೂಳು, ಬಿಸಿಯೇ ವೈರಿಗಳು

ಪ್ರೊಸೆಸರ್ ತಾನಾಗಿಯೇ ಕೆಡುವುದು ಬಲು ಅಪರೂಪ. ಅದನ್ನು ಕೆಡಿಸುವುದು ಕೂರಿಸುವಾಗಿನ ಅವಸರ, ಇಲ್ಲವೇ ಆನಂತರದ ಅಲಕ್ಷ್ಯ. ಫ್ಯಾನಿಗೆ ಧೂಳು ಮೆತ್ತಿಕೊಂಡಾಗ ಬಿಸಿ ಹೊರಹೋಗದು. ಬಿಸಿ ಏರಿದಂತೆ ಪ್ರೊಸೆಸರ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಮಿತಿ ಮೀರಿದರೆ ಸರ್ವರ್ ಬಂದ್ ಆಗುತ್ತದೆ. ಮಧ್ಯಾಹ್ನವಾದೊಡನೆ ಸರ್ವರ್ ನಿಧಾನವಾಗುತ್ತಿದ್ದರೆ ಸಾಫ್ಟ್‌ವೇರಿನವರನ್ನು ದೂರುವ ಮೊದಲು ಫ್ಯಾನಿನತ್ತ ನೋಡುವುದು ಜಾಣತನ.

ಸರ್ವರ್ ಒಳಸೇರುವ ಗಾಳಿಯು 18ರಿಂದ 27 ಡಿಗ್ರಿ ಸೆಲ್ಸಿಯಸ್ ಒಳಗಿರಬೇಕೆಂಬುದು ತಜ್ಞರ ಶಿಫಾರಸು. ಆದರೆ ಹಲವು ಕಚೇರಿಗಳಲ್ಲಿ ಸಂಜೆ ಎ.ಸಿ. ಬಂದ್ ಮಾಡಿ ಸರ್ವರನ್ನು ಮಾತ್ರ ಚಾಲೂ ಬಿಟ್ಟು ಬೀಗ ಹಾಕುತ್ತಾರೆ. ರಾತ್ರಿಯಿಡೀ ಮುಚ್ಚಿದ ಕೋಣೆಯಲ್ಲಿ ಅದು ಬೇಯುತ್ತಿರುತ್ತದೆ. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಮಳೆ ಸುರಿದುದನ್ನು ನೆನೆದರೆ, ನೆಲಮಾಳಿಗೆಯಲ್ಲಾಗಲಿ ನೆಲಕ್ಕೆ ತಾಗಿದಂತಾಗಲಿ ಸರ್ವರ್ ಇಡುವುದು ಸಲ್ಲದು. 2020ರ ಅಕ್ಟೋಬರ್ 12ರಂದು ಅದೇ ನಗರದಲ್ಲಿ ವಿದ್ಯುತ್ ಜಾಲವೇ ಕೈಕೊಟ್ಟಿತ್ತು. ಅಂಥ ಹೊತ್ತಿನಲ್ಲಿ ಸರ್ವರನ್ನು ಕ್ರಮವಾಗಿ ಮುಚ್ಚುವಷ್ಟು ಸಮಯವನ್ನು ಕೊಡುವ ಯುಪಿಎಸ್ ಬೇಕೇಬೇಕು. ಅದರ ಬ್ಯಾಟರಿಯನ್ನೂ ಆಗಾಗ ಪರೀಕ್ಷಿಸಿಕೊಳ್ಳಬೇಕು.

ಆಯುಧ ಪೂಜೆಯಂದು ಕಂಪ್ಯೂಟರಿಗೂ ಕುಂಕುಮ ಹಚ್ಚುವ ಪರಿಪಾಠ ಕನ್ನಡಿಗರಲ್ಲಿದೆ. ಪೂಜೆ ಕ್ಯಾಬಿನೆಟ್ಟಿನ ಹೊರಮೈಗಷ್ಟೇ ಇರಲಿ. ಕುಂಕುಮದ ಪುಡಿ, ತೀರ್ಥದ ಹನಿ, ಊದುಬತ್ತಿಯ ಹೊಗೆ ಗಾಳಿಕಿಂಡಿಯತ್ತ ಹೋಗದಿರಲಿ. ಪೂಜೆಗೆ ಮುನ್ನ ಆಯುಧಗಳನ್ನು ತೊಳೆದಿಡುವುದು ಹಿರಿಯರ ಕ್ರಮ. ಅದೇ ದಿನವನ್ನು ಸರ್ವರ್‌ನ ವಾರ್ಷಿಕ ಶುಚಿಗೂ ಗೊತ್ತುಪಡಿಸಿದರೆ ಮರೆಯುವ ಮಾತಿಲ್ಲ. ವಿದ್ಯುತ್ ಕಿತ್ತು, ಫ್ಯಾನಿನ ರೆಕ್ಕೆ ತಿರುಗದಂತೆ ಹಿಡಿದು ಬ್ಲೋವರಿನಿಂದ ಧೂಳು ಊದಬೇಕು. ಮನೆಯ ವ್ಯಾಕ್ಯೂಮ್ ಕ್ಲೀನರ್ ಸ್ಥಿರ ವಿದ್ಯುತ್ತನ್ನು ಹುಟ್ಟಿಸುವುದರಿಂದ ಅದು ಬೇಡ. ಥರ್ಮಲ್ ಪೇಸ್ಟನ್ನು ವರ್ಷವರ್ಷವೂ ಬದಲಿಸಬೇಕಿಲ್ಲ. ಧೂಳು ತೆಗೆದ ಮೇಲೂ ಉಷ್ಣತೆ ಮೊದಲಿಗಿಂತ ಹೆಚ್ಚಿದ್ದರೆ ಮಾತ್ರ ಆ ಕೆಲಸ.

ಕಾಣದ ಇನ್ನೊಂದು ನಿರ್ವಹಣೆಯೂ ಇದೆ. 2018ರ ಜನವರಿಯಲ್ಲಿ ‘ಮೆಲ್ಟ್‌ಡೌನ್’, ‘ಸ್ಪೆಕ್ಟರ್’ ಎಂಬ ದೋಷಗಳು ಬಯಲಾದಾಗ, ಗುಟ್ಟಿನ ಮಾಹಿತಿಯು ಪ್ರೊಸೆಸರಿನ ವಿನ್ಯಾಸದಿಂದಲೇ ಸೋರಬಹುದೆಂಬುದು ಜಗತ್ತಿಗೆ ತಿಳಿಯಿತು. ಅಂಥ ದೋಷಗಳಿಗೆ ಮದ್ದು ಬಯೋಸ್ ಹಾಗೂ ಆಪರೇಟಿಂಗ್ ಸಿಸ್ಟಮ್‌ಗಳ ಪರಿಷ್ಕರಣೆಯ ಮೂಲಕ ಬರುತ್ತದೆ. ಬ್ಯಾಕಪ್ ತೆಗೆದುಕೊಂಡು, ರಜಾದಿನ ನೋಡಿ ಇದನ್ನು ಮಾಡಿಸಬೇಕು.

ಕ್ಯಾಶ್ ಪೆಟ್ಟಿಗೆಗೆ ಎರಡು ಕೀಲಿಕೈ ಇಡುವ ಸೊಸೈಟಿಗಳಲ್ಲಿ ಸರ್ವರ್‌ನ ಗುಟ್ಟು ಮಾತ್ರ ಒಬ್ಬನೇ ಹುಡುಗನ ತಲೆಯಲ್ಲಿರುವುದುಂಟು. ಆತ ಬೇರೆ ಕೆಲಸ ಹಿಡಿದು ಹೋದರೆ ಕೇಳುವವರೇ ಇಲ್ಲ. ಆದುದರಿಂದ ಪ್ರತಿಯೊಂದು ಸಂಘವೂ ಸರ್ವರ್ ಪಕ್ಕದಲ್ಲಿ ಒಂದು ರಿಜಿಸ್ಟರ್ ಇಟ್ಟು, ತಿಂಗಳಿಗೊಮ್ಮೆ ಉಷ್ಣತೆ, ಫ್ಯಾನಿನ ಸ್ಥಿತಿ, ದೋಷಗಳ ಪಟ್ಟಿ, ಬ್ಯಾಕಪ್ ಪರೀಕ್ಷೆಯ ದಿನಾಂಕಗಳನ್ನು ಬರೆದು ಇಬ್ಬರು ಸಹಿ ಹಾಕುವ ಕ್ರಮವನ್ನು ತರಬೇಕು. ಸಂಘದ ಯುವ ವಿಭಾಗದ ಇಬ್ಬರಿಗೆ ಈ ಹೊಣೆ ವಹಿಸಿದರೆ ಅವರಿಗೂ ಒಂದು ವಿದ್ಯೆ ಕೈಗೆ ಹತ್ತುತ್ತದೆ, ಸದಸ್ಯರ ಲೆಕ್ಕವೂ ಭದ್ರವಾಗಿರುತ್ತದೆ. ಇದಕ್ಕೆ ತಗಲುವುದು ಒಂದು ನೋಟ್‌ಬುಕ್, ತಿಂಗಳಿಗೆ ಅರ್ಧ ಗಂಟೆ. ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲೇ ಇದನ್ನು ವಿಷಯಪಟ್ಟಿಗೆ ಸೇರಿಸಬಹುದಾಗಿದೆ.