ನೀರು ತಿಳಿಯಿದೆ, ಗೇಜ್ ಏನನ್ನುತ್ತಿದೆ?

ನಮ್ಮ ದೋರನಹಳ್ಳಿ ಕಡೆ ಕೊಡದ ಬಾಯಿಗೆ ಬಟ್ಟೆ ಕಟ್ಟಿ ನೀರು ಸೋಸುವುದುಂಟು. ಮೊದಲ ಕೊಡ ಸರ್ರನೆ ತುಂಬುತ್ತದೆ. ನಾಲ್ಕನೆಯದರ ಹೊತ್ತಿಗೆ ಬಟ್ಟೆಗೆ ಕೆಸರು ಮೆತ್ತಿಕೊಂಡು ನೀರು ಇಳಿಯುವುದೇ ಇಲ್ಲ. ತಮಾಷೆ ಏನೆಂದರೆ, ಆಗ ಕೊಡಕ್ಕೆ ಬೀಳುವ ನೀರು ಮೊದಲಿಗಿಂತ ತಿಳಿ! ಇದನ್ನೇ ನಾವು ಬಿ.ಇ.ಯಲ್ಲಿ ‘ಮೆಂಬ್ರೇನ್ ಫೌಲಿಂಗ್’ ಎಂದು ಓದುತ್ತೇವೆ.

ಕೊಳಚೆ ನೀರಿನ ಕೊಳೆಯನ್ನು ಬ್ಯಾಕ್ಟೀರಿಯಾಗಳು ತಿಂದ ಮೇಲೆ ಅವನ್ನು ನೀರಿನಿಂದ ಬೇರ್ಪಡಿಸಬೇಕು. ಹಳೆಯ ಘಟಕಗಳಲ್ಲಿ ಗಸಿ ತಳ ಸೇರುವವರೆಗೆ ಕಾಯುತ್ತಾರೆ. ಮೆಂಬ್ರೇನ್ ಬಯೋರಿಯಾಕ್ಟರ್‌ನಲ್ಲಿ, ಅಂದರೆ ಎಂಬಿಆರ್‌ನಲ್ಲಿ, ಒಂದು ಮೈಕ್ರಾನ್‌ಗಿಂತಲೂ ಸಣ್ಣ ರಂಧ್ರಗಳ ಪೊರೆಯನ್ನು ತೊಟ್ಟಿಯಲ್ಲೇ ಮುಳುಗಿಸಿ ಪಂಪಿನಿಂದ ನೀರನ್ನು ಹೀರುತ್ತಾರೆ. ಹೀಗೆ ಮುಳುಗಿಸುವ ಉಪಾಯವನ್ನು 1989ರಲ್ಲಿ ತೋರಿಸಿದವರು ಜಪಾನಿನ ಕಜುವೊ ಯಮಾಮೊಟೊ ಮತ್ತು ಸಂಗಡಿಗರು. ಬೆಂಗಳೂರಿನ ಕಬ್ಬನ್ ಪಾರ್ಕ್‌ನಲ್ಲಿ ಜಲಮಂಡಳಿ ಕಟ್ಟಿದ, ದಿನಕ್ಕೆ 15 ಲಕ್ಷ ಲೀಟರ್ ಸಾಮರ್ಥ್ಯದ ಘಟಕ ಇದೇ ತಂತ್ರದ್ದು. ಜಾಗ ಕಡಿಮೆ ಸಾಕು ಎಂದು ಅಪಾರ್ಟ್‌ಮೆಂಟ್‌ಗಳೂ ಇದನ್ನು ಹಾಕಿಸಿಕೊಂಡಿವೆ.

ತೊಂದರೆ ಎಂದರೆ ಬ್ಯಾಕ್ಟೀರಿಯಾಗಳು ಅಂಟಂಟು ಪದಾರ್ಥ ಬಿಡುತ್ತವೆ. ಅದು ಪೊರೆಗೆ ಮೆತ್ತಿಕೊಳ್ಳುತ್ತದೆ. ಕೆಳಗಿನಿಂದ ಗಾಳಿಯ ಗುಳ್ಳೆ ಬಿಟ್ಟು ಉಜ್ಜಿಸುತ್ತಾರೆ, ಆಗಾಗ ಪಂಪ್ ನಿಲ್ಲಿಸಿ ಪೊರೆಗೆ ವಿಶ್ರಾಂತಿ ಕೊಡುತ್ತಾರೆ. ಆದರೂ ವಾರಗಟ್ಟಲೆ ಪೊರೆ ನಿಧಾನವಾಗಿ ಕಟ್ಟುತ್ತಾ ಹೋಗಿ, ಒಂದು ಹಂತದಲ್ಲಿ ದಿಢೀರನೆ ಕೈಕೊಡುತ್ತದೆ. ಅಲ್ಲಿಯವರೆಗೂ ಹೊರಬರುವ ನೀರು ತಿಳಿಯಾಗಿಯೇ ಇರುತ್ತದೆ. ನೀರು ನೋಡಿ ಪೊರೆಯ ಆರೋಗ್ಯ ಹೇಳಲಾಗದು.

ಹೇಳುವುದು ಒತ್ತಡದ ಗೇಜ್. ಗಂಟೆಗೆ ಒಂದು ಚದರ ಮೀಟರ್ ಪೊರೆಯಿಂದ 20 ಲೀಟರ್ ಎಳೆಯಲು 0.1 ಬಾರ್ ಒತ್ತಡ ಸಾಕಾದರೆ ಪೊರೆಯ ‘ಪರ್ಮಿಯಬಿಲಿಟಿ’ 200. ಅದೇ 20 ಲೀಟರಿಗೆ 0.2 ಬಾರ್ ಬೇಕಾದರೆ 100, ಅರ್ಧ ಹೋಯಿತು! ಜತೆಗೆ ಉಷ್ಣಾಂಶವನ್ನೂ ಬರೆಯಬೇಕು. 30 ಡಿಗ್ರಿಯ ನೀರಿಗಿಂತ 20 ಡಿಗ್ರಿಯ ನೀರು ಸುಮಾರು ಕಾಲು ಭಾಗ ಹೆಚ್ಚು ಮಂದ. ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಡಿಸೆಂಬರ್ ಬೆಳಗಿನ ಚಳಿಯನ್ನೇ ಫೌಲಿಂಗ್ ಎಂದುಕೊಂಡು ಪೊರೆ ತೊಳೆಯುವವರಿದ್ದಾರೆ. ತೊಳೆಯುವ ಸೋಡಿಯಂ ಹೈಪೋಕ್ಲೋರೈಟ್ ಅತಿಯಾದರೆ ಪೊರೆಯೇ ಸವೆಯುತ್ತದೆ. ತಡವಾದರೆ ರಂಧ್ರದೊಳಗೆ ಸೇರಿದ ಕೊಳೆ ಪೂರ್ತಿ ಬಿಡುವುದಿಲ್ಲ.

ಫೌಲಿಂಗನ್ನು ಮುಂಚಿತವಾಗಿ ಹೇಳಲು ಸೆನ್ಸರ್, ಮಷಿನ್ ಲರ್ನಿಂಗ್ ಎಂದು ಈಗ ಸಂಶೋಧನೆಗಳು ನಡೆಯುತ್ತಿವೆ. ಪ್ರಾಜೆಕ್ಟ್‌ಗೆ ನಮಗೂ ಅದೇ ಆಸೆ, ಅಂಕ ಚೆನ್ನಾಗಿ ಬರುತ್ತವೆ ನೋಡಿ! ಆದರೆ ದಿನಾ ಸರಿಯಾಗಿ ಬರೆದ ಅಂಕಿ ಇಲ್ಲದಿದ್ದರೆ ಕಂಪ್ಯೂಟರ್ ತಾನೇ ಏನು ಕಲಿತೀತು?

ಬರೆಯುವವರು ಯಾರು? ಯಾದಗಿರಿ ಕಡೆಯಿಂದ ಬೆಂಗಳೂರಿಗೆ ದುಡಿಯಲು ಹೋದವರಲ್ಲಿ ಕೆಲವರು ಈಗ ಬೇಸ್‌ಮೆಂಟ್‌ಗಳಲ್ಲಿ ಎಸ್‌ಟಿಪಿ ಆಪರೇಟರ್‌ಗಳು. ನಮ್ಮೂರಿನ ಒಬ್ಬ ಹುಡುಗನಿಗೆ ಕೆಲಸಕ್ಕೆ ಸೇರಿದ ದಿನ ಹೇಳಿದ್ದು ಒಂದೇ ಮಾತು: ‘ನೀರು ತಿಳಿಯಾಗಿ ಬಂದ್ರ ಸಾಕು.’ ಲಾಗ್ ಪುಸ್ತಕದಲ್ಲಿ ಅವನಿಗಿಂತ ಮೊದಲಿದ್ದವರು ಪುಟಗಟ್ಟಲೆ 0.15, 0.15 ಎಂದೇ ಬರೆದಿದ್ದರು. ಗೇಜಿನ ಮುಳ್ಳು ಕೆಟ್ಟು ನಿಂತಿತ್ತಂತೆ. ಒಂದು ದಿನ ಪೊರೆ ಪೂರ್ತಿ ಕಟ್ಟಿ ತೊಟ್ಟಿ ಉಕ್ಕಿ, ಕೊಳಚೆ ಮಳೆನೀರಿನ ಚರಂಡಿಗೆ ಹರಿಯಿತು. ಬೈಗುಳ ಬಿದ್ದದ್ದು ಇವನಿಗೆ, ಅರ್ಧ ತಿಂಗಳ ಪಗಾರ ಹಿಡಿದರು. ಆ ಮುಳ್ಳಿನ ಅರ್ಥವನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಉಗಾದಿಗೆ ಊರಿಗೆ ಬಂದಾಗ ಅವನಿಗೆ ಗ್ರಾಫ್ ಹಾಳೆ ಕೊಟ್ಟೆ. ಗೇಜ್ ಬದಲಾಗಿದೆ. ಈಗ ಒತ್ತಡ, ಹರಿವು, ಉಷ್ಣಾಂಶ ಮೂರನ್ನೂ ಬರೆದು ಪ್ರತಿ ಭಾನುವಾರ ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಕಳಿಸುತ್ತಾನೆ. ಮೊನ್ನೆ ಗೆರೆ ಮೇಲಕ್ಕೆ ಬಾಗಿದ್ದನ್ನು ನನಗಿಂತ ಮೊದಲು ಅವನೇ ಕಂಡು, ಪೊರೆ ತೊಳೆಯಬೇಕು ಎಂದು ಮ್ಯಾನೇಜರ್‌ಗೆ ಹೇಳಿದನಂತೆ.