ಲ್ಯಾಪ್‌ಟಾಪ್‌ಗೆ ಕಾಣಿಸದ ವೈ–ಫೈ

ರಾತ್ರಿ ಎಂಟರ ಸಮಯ. ದ್ವಿತೀಯ ಪಿಯುಸಿ ಓದುತ್ತಿರುವ ಮಗಳು ಸಿಇಟಿ ಅರ್ಜಿ ತುಂಬಲು ಮನೆಯ ಹಳೆಯ ಲ್ಯಾಪ್‌ಟಾಪ್ ತೆರೆದು ಕುಳಿತಿದ್ದಾಳೆ. ಅರ್ಜಿ ಸಲ್ಲಿಸಲು ಮರುದಿನವೇ ಕೊನೆ. ಆದರೆ ವೈ–ಫೈ ಪಟ್ಟಿಯಲ್ಲಿ ಮನೆಯ ಹೆಸರೇ ಕಾಣುತ್ತಿಲ್ಲ. ಅಪ್ಪನ ಮೊಬೈಲಿನಲ್ಲಿ ಮಾತ್ರ ಅದೇ ವೈ–ಫೈ ಸರಾಗವಾಗಿ ನಡೆಯುತ್ತಿದೆ. ‘ಏನೇನೋ ಒತ್ತಿ ಕೆಡಿಸಿಟ್ಟಿದ್ದೀಯ’ ಎಂದು ಅಪ್ಪ ಗದರುತ್ತಾರೆ. ‘ನಾನೇನೂ ಮಾಡಿಲ್ಲಪ್ಪ’ ಎನ್ನುವ ಮಗಳ ಕಣ್ಣಲ್ಲಿ ನೀರು. ರೂಟರಿನ ಪುಟ್ಟ ರಂಧ್ರಕ್ಕೆ ಚುಚ್ಚಲು ಅಣ್ಣ ಆಗಲೇ ಪಿನ್ನು ಹುಡುಕುತ್ತಿದ್ದಾನೆ.

ಆ ಪಿನ್ನನ್ನು ಮೊದಲು ಕೆಳಗಿಡಿಸಬೇಕು. ರೂಟರನ್ನು ಆರಿಸಿ ಮತ್ತೆ ಹಚ್ಚುವುದು ಬೇರೆ, ರಂಧ್ರದೊಳಗಿನ ರೀಸೆಟ್ ಗುಂಡಿ ಒತ್ತುವುದು ಬೇರೆ. ಆರಿಸಿ ಹಚ್ಚಿದರೆ ಯಾವ ಹಾನಿಯೂ ಇಲ್ಲ. ರೀಸೆಟ್ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದರೆ, ಸಂಪರ್ಕ ಕೊಟ್ಟವರು ಅದರಲ್ಲಿ ತುಂಬಿಸಿದ್ದ ವಿವರಗಳು ಅಳಿಸಿಹೋಗುವ ಸಂಭವವಿದೆ. ಆಗ ಒಂದು ಲ್ಯಾಪ್‌ಟಾಪಿನ ತೊಂದರೆ ಇಡೀ ಮನೆಯ ತೊಂದರೆಯಾಗುತ್ತದೆ.

ಪ್ರಯೋಗಶಾಲೆಯಲ್ಲಿ ಬಲ್ಬು ಉರಿಯದಿದ್ದರೆ ವಿದ್ಯಾರ್ಥಿಗಳು ಏನು ಮಾಡುತ್ತಾರೆ? ಸೆಲ್ಲು, ತಂತಿ, ಸ್ವಿಚ್ಚು, ಬಲ್ಬು ಹೀಗೆ ಒಂದೊಂದನ್ನೇ ಪರೀಕ್ಷಿಸುತ್ತಾರೆ. ಎಲ್ಲವನ್ನೂ ಒಟ್ಟಿಗೇ ಬದಲಿಸಿದರೆ ಬಲ್ಬು ಉರಿದೀತು. ದೋಷ ಎಲ್ಲಿತ್ತೆಂಬುದು ಮಾತ್ರ ತಿಳಿಯದು. ಮನೆಯ ಅಂತರಜಾಲಕ್ಕೂ ಇದೇ ನಿಯಮ. ಅಲ್ಲಿರುವುದು ಮೂರು ಕೊಂಡಿಗಳು: ಹೊರಗಿನಿಂದ ರೂಟರಿಗೆ ಬರುವ ಕೇಬಲ್, ರೂಟರಿನಿಂದ ಹೊರಡುವ ರೇಡಿಯೊ ತರಂಗ, ಅದನ್ನು ಹಿಡಿಯುವ ಲ್ಯಾಪ್‌ಟಾಪ್.

ಎರಡು ಸರಳ ಪ್ರಯೋಗಗಳಿಂದ ತಪ್ಪಿದ ಕೊಂಡಿಯನ್ನು ಗುರುತಿಸಬಹುದು. ಮೊದಲನೆಯದು, ಅದೇ ವೈ–ಫೈಗೆ ಬೇರೊಂದು ಸಾಧನವನ್ನು ಜೋಡಿಸಿ ನೋಡುವುದು. ಅಪ್ಪನ ಮೊಬೈಲಿನ ಸಿಮ್ ಡೇಟಾ ನಿಲ್ಲಿಸಿದರೂ ವೈ–ಫೈ ನಡೆಯುತ್ತಿತ್ತು. ಅಂದರೆ ಕೇಬಲ್ಲೂ ರೂಟರೂ ಸರಿಯಾಗಿವೆ. ಎರಡನೆಯದು, ಲ್ಯಾಪ್‌ಟಾಪನ್ನು ಬೇರೊಂದು ವೈ–ಫೈಗೆ ಜೋಡಿಸುವುದು. ಮೊಬೈಲಿನ ಸಿಮ್ ಡೇಟಾ ಬಳಸಿ ಹಾಟ್‌ಸ್ಪಾಟ್ ಹಚ್ಚಿದಾಗ ಲ್ಯಾಪ್‌ಟಾಪ್ ಕೂಡಲೇ ಸೇರಿಕೊಂಡಿತು. ಅಂದರೆ ಲ್ಯಾಪ್‌ಟಾಪೂ ಕೆಟ್ಟಿಲ್ಲ! ಮಗಳು ಮೊದಲು ಆ ಹಾಟ್‌ಸ್ಪಾಟಿನಲ್ಲೇ ಅರ್ಜಿ ತುಂಬಿ ಸಲ್ಲಿಸಿದಳು. ಉಳಿದ ಪತ್ತೇದಾರಿಕೆಗೆ ಆಮೇಲೆ ಸಮಯವಿತ್ತು.

ಎರಡೂ ಸರಿಯಿದ್ದ ಮೇಲೆ ದೋಷ ನಡುವೆ ಇರಬೇಕಷ್ಟೆ. ಹಿಂದಿನ ವಾರ ಮನೆಗೆ ಹೊಸ ರೂಟರು ಬಂದಿತ್ತು. ಅದರ ಹೆಸರಿನ ಬಾಲದಲ್ಲಿ ‘5ಜಿ’ ಎಂದಿತ್ತು. ಇದು ಮೊಬೈಲಿನ ಐದನೇ ತಲೆಮಾರಲ್ಲ. 5 ಗಿಗಾಹರ್ಟ್ಸ್ ಆವರ್ತನ. ಈಗಿನ ಬಹುತೇಕ ರೂಟರುಗಳು ಎರಡು ಪಟ್ಟೆಗಳಲ್ಲಿ ಪ್ರಸಾರ ಮಾಡುತ್ತವೆ. ಒಂದು 2.4 ಗಿಗಾಹರ್ಟ್ಸ್, ಅಲೆಯುದ್ದ ಸುಮಾರು 12.5 ಸೆಂಟಿಮೀಟರ್. ಇನ್ನೊಂದು 5 ಗಿಗಾಹರ್ಟ್ಸ್, ಅಲೆಯುದ್ದ ಸುಮಾರು 6 ಸೆಂಟಿಮೀಟರ್. ಎರಡನೆಯದು ಹೆಚ್ಚು ವೇಗದ್ದು. ಆದರೆ ಗೋಡೆ ದಾಟುವಾಗ ಬೇಗ ಸೊರಗುತ್ತದೆ. ಮೊದಲನೆಯದು ದೂರ ತಲುಪುತ್ತದೆ. ಆದರೆ ಅಲ್ಲಿ ಬ್ಲೂಟೂತ್, ಮೈಕ್ರೋವೇವ್ ಒಲೆ ಎಲ್ಲದರ ಗದ್ದಲ.

ಹಳೆಯ ಲ್ಯಾಪ್‌ಟಾಪುಗಳಲ್ಲಿ ಹಲವಕ್ಕೆ 2.4 ಪಟ್ಟೆಯೊಂದೇ ಕೇಳಿಸುತ್ತದೆ. ರೇಡಿಯೊ ಚೆನ್ನಾಗಿದ್ದರೂ ಅದರಲ್ಲಿಲ್ಲದ ಬ್ಯಾಂಡಿನ ನಿಲಯ ಸಿಗುವುದುಂಟೆ? ಈ ಲ್ಯಾಪ್‌ಟಾಪಿನ ಕಥೆಯೂ ಅದೇ. ಪಟ್ಟಿಯಲ್ಲಿ ‘5ಜಿ’ ಬಾಲವಿಲ್ಲದ ಅದೇ ಹೆಸರೊಂದು ಇತ್ತು. ಪಕ್ಕದ ಮನೆಯದೆಂದು ಎಲ್ಲರೂ ಬಿಟ್ಟಿದ್ದರು. ಅದನ್ನು ಆರಿಸಿ ಅದೇ ಪಾಸ್‌ವರ್ಡ್ ಕೊಟ್ಟೊಡನೆ ಸಂಪರ್ಕ ಸಿಕ್ಕಿತು.

ಎಲ್ಲ ಮನೆಗಳಲ್ಲೂ ಕಾರಣ ಇದೇ ಆಗಿರಬೇಕಿಲ್ಲ. ಲ್ಯಾಪ್‌ಟಾಪಿನಲ್ಲಿ ಒಂದು ವೈ–ಫೈ ಹೆಸರೂ ಕಾಣದಿದ್ದರೆ ‘ಏರ್‌ಪ್ಲೇನ್ ಮೋಡ್’ ಗುಂಡಿ ತಿಳಿಯದೆ ಒತ್ತಿರಬಹುದು. ಹೆಸರು ಕಂಡರೂ ಒಳಗೆ ಬಿಡದಿದ್ದರೆ, ಬದಲಾದ ಪಾಸ್‌ವರ್ಡ್ ಕಾರಣವಿರಬಹುದು; ಹಳೆಯ ಸಂಪರ್ಕವನ್ನು ‘ಫರ್ಗೆಟ್’ ಮಾಡಿ ಹೊಸದಾಗಿ ಸೇರಬೇಕು. ಸೇರಿದ ಮೇಲೂ ಏನೂ ತೆರೆಯದಿದ್ದರೆ ಲ್ಯಾಪ್‌ಟಾಪಿನ ಐಪಿ ವಿಳಾಸ ನೋಡಬೇಕು. ಅದು 169.254 ಎಂದು ಆರಂಭವಾಗಿದ್ದರೆ ರೂಟರಿನಿಂದ ವಿಳಾಸ ಸಿಕ್ಕಿಲ್ಲವೆಂದು ಅರ್ಥ. ಎರಡನ್ನೂ ಒಮ್ಮೆ ಆರಿಸಿ ಹಚ್ಚುವುದು ಒಳ್ಳೆಯದು. ತಿಂಗಳುಗಟ್ಟಲೆ ಮೂಲೆಗಿಟ್ಟ ಲ್ಯಾಪ್‌ಟಾಪಿನಲ್ಲಿ ದಿನಾಂಕ ತಪ್ಪಿರಬಹುದು. ಆಗ ಸಂಪರ್ಕವಿದ್ದರೂ ಸುರಕ್ಷಿತ ಜಾಲತಾಣಗಳು ತೆರೆಯುವುದಿಲ್ಲ. ಫೈಬರ್ ಪೆಟ್ಟಿಗೆಯಲ್ಲಿ ‘ಎಲ್‌ಒಎಸ್’ ಎಂಬ ಕೆಂಪು ದೀಪ ಉರಿಯುತ್ತಿದ್ದರೆ ಬೆಳಕಿನ ಸಂಕೇತವೇ ಪೆಟ್ಟಿಗೆಗೆ ಬರುತ್ತಿಲ್ಲ. ಸಂಪರ್ಕ ಕೊಟ್ಟವರಿಗೆ ದೂರು ಕೊಡುವುದೊಂದೇ ದಾರಿ.

ಪರೀಕ್ಷೆ ನಡೆಸುವಾಗ ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಬದಲಿಸಿದ್ದನ್ನು ಚೀಟಿಯಲ್ಲಿ ಬರೆದುಕೊಳ್ಳಬೇಕು. ಮನೆಯ ವೈ–ಫೈನ ಎರಡೂ ಹೆಸರು ಮತ್ತು ದೂರಿನ ದೂರವಾಣಿ ಸಂಖ್ಯೆ ಮನೆಯವರೆಲ್ಲರಿಗೂ ಗೊತ್ತಿರುವ ಪುಸ್ತಕವೊಂದರಲ್ಲಿರಲಿ. ಇನ್ನು ಅರ್ಜಿಗಳನ್ನು ಕೊನೆಯ ದಿನದವರೆಗೆ ಉಳಿಸಿಕೊಳ್ಳದಿರುವುದು ಮಕ್ಕಳ ಪಾಲಿನ ಪಾಠ. ಪರೀಕ್ಷಿಸುವ ಮೊದಲೇ ತಪ್ಪು ಯಾರದೆಂದು ತೀರ್ಮಾನಿಸದಿರುವುದು ಹಿರಿಯರ ಪಾಲಿನದು. ಆ ರಾತ್ರಿ ಮಗಳೂ ಏನೂ ಕೆಡಿಸಿರಲಿಲ್ಲ, ಲ್ಯಾಪ್‌ಟಾಪೂ ಕೆಟ್ಟಿರಲಿಲ್ಲ.