ಪಗಾರಿಲ್ಲದ ನೌಕರಿ, ಬೈಗುಳವೇ ಬೋನಸ್ಸು!

ಗೊರೇಬಾಳ: ಮದುವೆ ಕ್ಯಾಸೆಟ್ಟು ಹೋಗಿ ಸೀಡಿ ಬಂತು, ಸೀಡಿ ಹೋಗಿ ಪೆನ್‌ಡ್ರೈವ್ ಬಂತು, ಪೆನ್‌ಡ್ರೈವ್ ಎಲ್ಲಿ ಹೋಯಿತೋ ಮನೆಯವರಿಗೇ ಗೊತ್ತಿಲ್ಲ. ಅಜ್ಜನ ಭಜನಿ, ಊರಿನ ಬಯಲಾಟ, ತಂಗಿಯ ಅಕ್ಕಿಕಾಳು ಎಲ್ಲಾ ಒಂದೊಂದು ಫೋನಿನಾಗ ಸಿಕ್ಕೊಂಡಾವ. ಫೋನು ನೀರಿಗೆ ಬಿದ್ದರೆ ಅಜ್ಜನ ದನಿಯೂ ಹೋದಂತೆಯೇ. ಇಂಥ ಮನೆಗಳು ನಮ್ಮ ಸಿಂಧನೂರು ಸೀಮೆಯಲ್ಲಿ ಒಂದಾ, ಎರಡಾ?

ಇದಕ್ಕೊಂದು ಉಪಾಯವಿದೆ. ಮೂಲೆಗೆ ಬಿದ್ದ ಹಳೇ ಕಂಪ್ಯೂಟರಿನಲ್ಲಿ ಎಲ್ಲವನ್ನೂ ತುಂಬಿಟ್ಟು, ಮನೆಯ ಟೀವಿಗೂ ಫೋನುಗಳಿಗೂ ವೈಫೈ ಮೂಲಕ ಹಂಚುವ ತಂತ್ರಾಂಶ. ಹೆಸರು ಜೆಲ್ಲಿಫಿನ್. ಮನೆಯೊಳಗೇ ನೋಡುವುದಾದರೆ ಇಂಟರ್ನೆಟ್ಟು ಬೇಡ, ತಿಂಗಳ ಬಾಡಿಗೆಯೂ ಇಲ್ಲ. “ಹಂಗಾದ್ರ ಇದನ್ನ ಮಾಡಿದವ್ರು ಹೊಟ್ಟಿಗಿ ಏನ್ ತಿಂತಾರ್ರೀ?” ಎಂದು ಅಂಗಡಿ ಸಾವ್ಕಾರರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ!

ಕತೆ ಹೀಗಿದೆ. ಎಂಬಿ ಎಂಬ ತಂತ್ರಾಂಶದ ಒಳಬರಹ, ಅಂದರೆ ಕೋಡ್, ಮೊದಲು ಎಲ್ಲರಿಗೂ ಮುಕ್ತವಾಗಿತ್ತು. 2018ರಲ್ಲಿ ಒಡೆಯರು ಬಾಗಿಲು ಹಾಕಿಕೊಂಡರು. ಆದರೆ ಅಲ್ಲಿಯವರೆಗೆ ಕೊಟ್ಟ ಕೋಡಿಗೆ ಜಿಪಿಎಲ್ ಎಂಬ ಪರವಾನಗಿ ಇತ್ತು. ಅದರ ಪ್ರಕಾರ ಯಾರು ಬೇಕಾದರೂ ಕೋಡ್ ತೆಗೆದುಕೊಂಡು ತಿದ್ದಬಹುದು, ಹಂಚಬಹುದು. ಹಂಚುವವರು ತಮ್ಮ ತಿದ್ದುಪಡಿಯನ್ನೂ ಮುಕ್ತವಾಗಿಡಬೇಕು. ಅದೇ ಡಿಸೆಂಬರಿನಲ್ಲಿ ಕೆಲವರು ಎಂಬಿಯ 3.5.2ನೇ ಆವೃತ್ತಿಯನ್ನು ಎತ್ತಿಕೊಂಡು ಜೆಲ್ಲಿಫಿನ್ ಕಟ್ಟಿದರು. ಅದಕ್ಕೆ ಕಂಪನಿಯಿಲ್ಲ, ಪಗಾರವಿಲ್ಲ. ದೇಣಿಗೆ ಬಂದರೆ ಸರ್ವರ್ ಮುಂತಾದ ಖರ್ಚಿಗೆ. ಹೊಟ್ಟೆಪಾಡಿಗೆ ಹಗಲು ಬೇರೆ ನೌಕರಿ, ರಾತ್ರಿ ಈ ಚಾಕರಿ.

ಚಾಕರಿಯಾದರೂ ಎಂಥದು? ಯಾರದೋ ಟೀವಿಯಲ್ಲಿ ಚಿತ್ರ ಬರುತ್ತದೆ, ದನಿ ಬರುವುದಿಲ್ಲ. ಆ ಧ್ವನಿಯ ನಮೂನೆ ಆ ಟೀವಿಗೆ ತಿಳಿಯದು. ಟೀವಿಗೆ ತಿಳಿಯುವ ನಮೂನೆಗೆ ಸರ್ವರ್ ಆಗಿಂದಾಗಲೇ ಬದಲಿಸಿಕೊಡಬೇಕು. ಸ್ವಯಂಸೇವಕ ದೂರು ಓದುತ್ತಾನೆ, ಅದೇ ತಪ್ಪನ್ನು ತನ್ನ ಯಂತ್ರದಲ್ಲಿ ಬರಿಸಿ ನೋಡುತ್ತಾನೆ, ಸಾವಿರಾರು ಸಾಲಿನಲ್ಲಿ ತಪ್ಪಿದ ಸಾಲು ಹುಡುಕಿ ತಿದ್ದುತ್ತಾನೆ. ಇನ್ನೊಬ್ಬ ಅದನ್ನು ಪರೀಕ್ಷಿಸಿ “ಇಲ್ಲಿ ಸರಿಯಿಲ್ಲ” ಎಂದು ವಾಪಸು ಕಳಿಸುತ್ತಾನೆ. ಮತ್ತೆ ತಿದ್ದು! ಎರಡು ಸಾಲಿಗೆ ಎರಡು ವಾರ ಹಿಡಿದರೂ ಹಿಡಿಯಿತು. ಅಷ್ಟಾದ ಮೇಲೆ “ನಮ್ಮ ಟೀವಿಯೊಳಗ ಕೆಟ್ಟೈತಿ, ಯಾವಾಗ ಮಾಡ್ತೀರಿ?” ಎನ್ನುವವರು ನೂರು ಜನ, “ಚಲೋ ಆತು” ಎನ್ನುವವರು ಒಬ್ಬರು.

ಎಡದಂಡೆ ಕಾಲುವೆ ಕೆಳಗಿನ ನಮಗೆ ಇದು ತಿಳಿಯದ ಮಾತಲ್ಲ. ನೀರು ಎಲ್ಲರಿಗೂ ಬೇಕು, ಹೊಲಗಾಲುವೆಯ ಹೂಳೆತ್ತಲು ಆಳಿಲ್ಲ. ತಂತ್ರಾಂಶಕ್ಕೂ ಹೂಳು ಉಂಟು. ತಿದ್ದುವವರು ಬೇಸತ್ತು ಎದ್ದು ಹೋದರೆ ತಪ್ಪುಗಳು ಹಾಗೇ ಉಳಿಯುತ್ತವೆ, ಕಳ್ಳರು ನುಗ್ಗುವ ಸಂದುಗಳೂ ಉಳಿಯುತ್ತವೆ. ಮನೆಯವರ ದನಿ, ಚಿತ್ರ ಎಲ್ಲಾ ಅದರೊಳಗೇ ಇರುತ್ತದೆಂಬುದು ನೆನಪಿರಲಿ.

ದೂರದೇಶದವರ ಉಸಾಬರಿ ನಮಗ್ಯಾಕೆ ಅನ್ನಬೇಡಿ. ಕನ್ನಡದ ಗುಬ್ಬಿ, ನವಿಲು ಎಂಬ ಅಕ್ಷರಗಳೂ ಹೀಗೆ ಮುಕ್ತವಾಗಿ ಸಿಕ್ಕವೇ. ನಮ್ಮಲ್ಲಿ ಮುಯ್ಯಾಳಿನ ಪದ್ಧತಿ ಇತ್ತಲ್ಲ, ಇಂದು ನನ್ನ ಹೊಲಕ್ಕೆ ನೀನು, ನಾಳೆ ನಿನ್ನ ಹೊಲಕ್ಕೆ ನಾನು. ಕಂಪ್ಯೂಟರ್ ಓದಿದ ಹುಡುಗರು ಸಣ್ಣ ತಪ್ಪೊಂದನ್ನು ತಿದ್ದಿ ಕಳಿಸಲಿ; ಓದದವರು ಅದರ ಪದಗಳನ್ನು ಕನ್ನಡಕ್ಕೆ ತಂದುಕೊಡಲಿ. ಅದೂ ಆಗದಿದ್ದರೆ, ದನಿ ಬರದಾಗ ಬೈಯುವ ಬದಲು ಟೀವಿ ಯಾವುದು, ತಂತ್ರಾಂಶದ ಆವೃತ್ತಿ ಎಷ್ಟನೆಯದು, ಏನು ಮಾಡಿದಾಗ ಹೀಗಾಯಿತು ಎಂದು ಬರೆದು ತಿಳಿಸ್ರಿ. ಅದೂ ಒಂದು ಮುಯ್ಯೇ ಅಲ್ಲೇನ್ರೀ?